ಬೇವಿನ ಮರ ಅಡ್ಡ

ಕೊಹಿನೂರಿನಿಂದ ಬರುವ ಮೊದಲ ಬಸ್ಸಿನಲ್ಲಿ ಬಂದು ಲಲಿತಾಬಾಯಿ ಬಸವಕಲ್ಯಾಣದಲ್ಲಿ ಇಳಿದರು. ತಂಗಿಯ ಮನೆಯಲ್ಲಿ ಎರಡು ದಿನ ಇದ್ದು ಬಂದಿದ್ದರು. ಮನೆ ಬಾಗಿಲು ತೆರೆದೇ ಇತ್ತು. ಗಂಡನನ್ನು ಕರೆಯುತ್ತ ಹಿತ್ತಲಿಗೆ ಹೋದರು. ಮಾಳಿಗೆಯ ಕೆಳಗೆ, ಕಲ್ಲುಹಾಸಿನ ಮೇಲೆ ಮಹಾರುದ್ರಪ್ಪ ಮಾಸ್ತರರು ಬೋರಲಾಗಿ ಬಿದ್ದಿದ್ದರು. ಮೈ ತಣ್ಣಗಾಗಿತ್ತು.

ಅದು 1975ರ ಜನವರಿ ಇಪ್ಪತ್ತು.

ಸಬ್ ಇನ್‌ಸ್ಪೆಕ್ಟರ್ ಸಿರಾಜುದ್ದೀನ್ ಒಂಬತ್ತಕ್ಕೆ ಬಂದ. ಹೆಣ ನೋಡಿದ. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಮಾಳಿಗೆ ಹತ್ತಿದ. ಮೂರು ಕಾಲಿನ ಮೇಲೆ ಒಂದು ದೂರ್ಬೀನು, ಒಂದು ಕುರ್ಚಿ, ಒಂದು ಗಡಿಯಾರ. ಸುತ್ತ ಸೊಂಟದೆತ್ತರದ ಗೋಡೆ. ಕಾಲು ಜಾರಿದವನು ಅದನ್ನು ದಾಟಿ ಬೀಳುವುದು ಸಾಧ್ಯವಿರಲಿಲ್ಲ. ಆ ಗೋಡೆಯ ಬುಡದಲ್ಲಿ ಅಂಗಿಯ ಗುಂಡಿಗಳಲ್ಲೊಂದು ಸಿಕ್ಕಿತು. ಅಂದರೆ ಎಳೆದಾಟ ನಡೆದದ್ದು ಮೇಲೆಯೇ.

ಏನಾದರೂ ಕಳುವಾಗಿದೆಯೇ ಎಂದು ಕೇಳಿದ. ಲಲಿತಾಬಾಯಿ ಕಣ್ಣೊರೆಸಿಕೊಂಡು ಸುತ್ತ ನೋಡಿದರು. ಕತ್ತಲಲ್ಲಿ ಬರೆಯಲು ಕೆಂಪು ಕಾಗದ ಸುತ್ತಿ ಇಟ್ಟುಕೊಂಡಿದ್ದ ಬ್ಯಾಟರಿ ದೀಪ ಇರಲಿಲ್ಲ. ಮಾಸ್ತರರು ದಿನಾ ಬರೆಯುತ್ತಿದ್ದ ನೋಟ್‌ಬುಕ್ಕೂ ಇರಲಿಲ್ಲ.

*

ಬ್ಯಾಟರಿ ಮಧ್ಯಾಹ್ನದೊಳಗೆ ಸಿಕ್ಕಿತು. ಹಿತ್ತಲಾಚೆಯ ಹೊಲದಲ್ಲಿ ಕುರಿ ತರುಬಿದ್ದ ಪಂಡರಿಯ ಕಂಬಳಿಯಲ್ಲಿತ್ತು. ಅವನು ಮೈ ಕಾಯಿಸಿಕೊಳ್ಳಲು ಹಾಕುವ ಬೆಂಕಿಯ ಬೆಳಕು ಆಕಾಶ ನೋಡಲು ಅಡ್ಡಿಯೆಂದು ಮಾಸ್ತರರು ಎರಡು ದಿನದ ಹಿಂದೆ ಬೈದಿದ್ದರು. ಅದನ್ನು ಇಡೀ ಓಣಿ ಕೇಳಿತ್ತು. ಹೆಡ್ ಕಾನ್‌ಸ್ಟೇಬಲ್ ಅವನನ್ನು ಲಾಕಪ್ಪಿಗೆ ಹಾಕಿ, ಕೇಸು ಮುಗಿಯಿತೆಂದು ಕೈ ತೊಳೆದುಕೊಂಡ.

ನಿನ್ನೆ ರಾತ್ರಿ ಒಂಬತ್ತೂವರೆಯ ಕಡೆಯ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ದೊಪ್ಪನೆ ಬಿದ್ದ ಸಪ್ಪಳ ಕೇಳಿ ಬಂದೆ, ಅಷ್ಟರಲ್ಲಿ ಓಣಿಯಲ್ಲಿ ಒಂದು ಫಟಫಟಿ ಹೊರಟ ಸದ್ದಾಯಿತು, ಮಾಸ್ತರರಲ್ಲಿ ಉಸಿರಿರಲಿಲ್ಲ ಎಂದು ಪಂಡರಿ ಹೇಳಿದ. ಪಕ್ಕದಲ್ಲಿ ಉರಿಯುತ್ತಿದ್ದ ಬ್ಯಾಟರಿಯನ್ನು ಆಸೆಗೆ ಎತ್ತಿಕೊಂಡಿದ್ದ. ಜಗಳವಾಡಿದವನು ತಾನೇ ಆದ್ದರಿಂದ ಯಾರಿಗೂ ಹೇಳದೆ ಓಡಿದ್ದ.

ಸಿರಾಜುದ್ದೀನ್ ಅವನ ಮುಂದೆ ಒಂದು ಕಾಗದ ಹಿಡಿದ. ಪಂಡರಿ ಅದನ್ನು ತಲೆಕೆಳಗಾಗಿ ನೋಡಿದ.

"ಇಂವಗ ಓದಾಕ ಬರಂಗಿಲ್ಲ," ಎಂದ ಸಿರಾಜುದ್ದೀನ್ ಹೆಡ್ ಕಾನ್‌ಸ್ಟೇಬಲ್‌ಗೆ. "ಬ್ಯಾಟರಿ ಬೇಕಾದಂವ ಬ್ಯಾರೆ, ನೋಟ್‌ಬುಕ್ ಬೇಕಾದಂವ ಬ್ಯಾರೆ."

*

ನೋಟ್‌ಬುಕ್ಕಿನಲ್ಲಿ ಏನಿತ್ತು? ಲಲಿತಾಬಾಯಿಗೆ ಚೆನ್ನಾಗಿ ಗೊತ್ತಿತ್ತು. ತಾಸುಗಟ್ಟಲೆ ಗಂಡನ ಪಕ್ಕದಲ್ಲಿ ಕುಳಿತು, ಗಡಿಯಾರ ನೋಡಿ ಹೇಳಿ, ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದವರು ಅವರೇ. ಸೂರ್ಯನ ಸುತ್ತ ತಿರುಗುವ ಎರೋಸ್ ಎಂಬ ದೊಡ್ಡ ಕಲ್ಲೊಂದಿದೆ. ಅದು ಈ ತಿಂಗಳು ಭೂಮಿಯ ಹತ್ತಿರ ಬರುತ್ತಿದೆ. ಹತ್ತಿರವೆಂದರೂ ಎರಡು ಕೋಟಿ ಕಿಲೋಮೀಟರಿನಾಚೆ. ಇಷ್ಟು ಸಮೀಪ ಬರುವುದು ಬಹಳ ವರ್ಷಕ್ಕೊಮ್ಮೆ. ಅಕ್ಕಪಕ್ಕದ ಚುಕ್ಕಿಗಳ ಜೊತೆ ಹೋಲಿಸಿ, ಹತ್ತು ನಿಮಿಷಕ್ಕೊಂದು ಸಲ ಅದರ ಬೆಳಕಿನ ಅಂಕಿ ಬರೆಯಬೇಕು.

"ಬೆಳಕು ಬರ್ದು ಏನ್ ತಿಳೀತದರಿ?"

"ಅದರ ಆಕಾರ, ಅದು ತಿರುಗೋ ವೇಗ. ಒನಕೀ ತಿರುವಿದಂಗ್ರಿ ಸಾಹೇಬ್ರ. ಅಡ್ಡ ಬಂದಾಗ ಬೆಳಕು ಹೆಚ್ಚು, ತುದಿ ನಮ್ಮ ಕಡಿ ಬಂದಾಗ ಕಮ್ಮಿ."

ಇದೆಲ್ಲ ತಿಳಿದವರು ಇನ್ನು ಯಾರಿದ್ದಾರೆ ಎಂದ. ಹುಮನಾಬಾದಿನ ಲೆಕ್ಚರರ್ ಬಕ್ಕಪ್ಪ ಒಬ್ಬರೇ ಎಂದರು. ಆಗಾಗ ಬಂದು ಅಂಕಿಗಳನ್ನು ಬರೆದುಕೊಂಡು ಹೋಗುತ್ತಿದ್ದರಂತೆ. ಹೋದ ತಿಂಗಳು ಟಪಾಲಿನಲ್ಲಿ ಚುಕ್ಕಿ ನೋಡುವವರ ಸಂಘದ ಒಂದು ಇಂಗ್ಲಿಷ್ ಪುಸ್ತಿಕೆ ಬಂದಿತ್ತು. ಅದನ್ನು ಓದಿದ ಮೇಲೆ ಮಾಸ್ತರರು ಎರಡು ದಿನ ಮಾಳಿಗೆಯನ್ನೇ ಹತ್ತಿರಲಿಲ್ಲ.

ಸಿರಾಜುದ್ದೀನ್ ಪುಸ್ತಿಕೆ ಬಿಡಿಸಿದ. ಅಂಕಿಗಳ ಸಾಲಿನ ಮೇಲೆ ಅಚ್ಚಾಗಿದ್ದ ಹೆಸರು ಬಕ್ಕಪ್ಪನದು. ಲಲಿತಾಬಾಯಿ ಅಂಕಿಗಳ ಮೇಲೆ ಬೆರಳಾಡಿಸಿ, ಇವು ಹೋದ ವರ್ಷ ನೋಡಿದ ಬೇರೆ ಚುಕ್ಕಿಗಳವು, ನಾನೇ ಬರೆದವು ಎಂದರು.

*

ಬಕ್ಕಪ್ಪನಿಗೆ ನಲವತ್ತರ ವಯಸ್ಸು, ಮೆದು ಮಾತು. ಚಹಾ ತರಿಸಿದ. ಮಾಸ್ತರರ ಸುದ್ದಿ ಬಸ್ಸಿನವರಿಂದ ತಿಳಿಯಿತೆಂದು ಮರುಗಿದ. ಅಂಗಳದಲ್ಲಿ ಅವನ ಮೋಟರ್ ಸೈಕಲ್ ನಿಂತಿತ್ತು. ಆದರೆ ಅಂಥ ಫಟಫಟಿಗಳು ಆ ಊರಲ್ಲಿ ಹತ್ತಾರಿದ್ದವು.

ಹತ್ತೊಂಬತ್ತರ ರಾತ್ರಿ ಎಲ್ಲಿದ್ದಿರಿ ಎಂದು ಕೇಳುವುದೇ ತಡ, ಅವನು ಒಂದು ಹಾಳೆ ತಂದು ಮುಂದಿಟ್ಟ. ಏಳರಿಂದ ಒಂಬತ್ತೂವರೆವರೆಗೆ ತನ್ನದೇ ಮಾಳಿಗೆಯ ಮೇಲೆ ಕುಳಿತು ಎರೋಸ್ ನೋಡಿ ಬರೆದದ್ದು ಎಂದ. ಹತ್ತು ನಿಮಿಷಕ್ಕೊಂದು ಅಂಕಿ. ಒಂಬತ್ತೂವರೆಗೆ ಹುಮನಾಬಾದಿನಲ್ಲಿದ್ದವನು ಸ್ವಲ್ಪ ಹೊತ್ತಿನಲ್ಲೇ ಬಸವಕಲ್ಯಾಣ ಮುಟ್ಟಲಾರ. ಮನೆಯಲ್ಲೇ ಕೂತು ಹುಟ್ಟಿಸಲು ಬರುವಂಥದ್ದಲ್ಲ, ಬೇಕಾದರೆ ಬೇರೆ ಕಡೆ ನೋಡಿದವರ ಅಂಕಿಗಳ ಜೊತೆ ತಾಳೆ ಹಾಕಿರಿ ಎಂದ.

ಸಿರಾಜುದ್ದೀನ್ ನಿಧಾನವಾಗಿ ಓದಿದ. ಎಂಟು ಇಪ್ಪತ್ತರ, ಎಂಟೂವರೆಯ, ಎಂಟು ನಲವತ್ತರ ಜಾಗಗಳು ಖಾಲಿ ಇದ್ದವು.

"ಇಲ್ಲಿ ಏನಾಯ್ತ್ರಿ?"

"ಮೋಡ ಬಂದಿತ್ತ್ರಿ," ಎಂದ ಬಕ್ಕಪ್ಪ.

ಸಿರಾಜುದ್ದೀನ್ ಹಾಳೆಯ ಅಂಕಿಗಳನ್ನು ತನ್ನ ಡೈರಿಗೆ ಇಳಿಸಿಕೊಂಡು ಎದ್ದ.

*

ಬಸವಕಲ್ಯಾಣಕ್ಕೆ ಮರಳಿದವನು ಲಲಿತಾಬಾಯಿಯಲ್ಲಿ ಹಿಂದಿನ ದಿನಗಳ ಬರಹ ಕೇಳಿದ. ನೋಟ್‌ಬುಕ್ಕಿಗೆ ಏರಿಸುವ ಮೊದಲು ಅವರು ಬರೆದಿದ್ದ ಚೀಟಿಗಳು ಉಳಿದಿದ್ದವು. ಹದಿನಾಲ್ಕರಿಂದ ಹದಿನೇಳರವರೆಗೆ, ನಾಲ್ಕು ದಿನದವು. ನಾಲ್ಕರಲ್ಲೂ ಎಂಟು ಇಪ್ಪತ್ತರ ಆಸುಪಾಸು ಅರ್ಧ ತಾಸು ಖಾಲಿ. ಪಕ್ಕದಲ್ಲಿ ಒಂದೇ ಪದ: ಬೇವು.

ಲಲಿತಾಬಾಯಿ ಅವನನ್ನು ಮಾಳಿಗೆಗೆ ಕರೆದೊಯ್ದು ಮೂಡಣ ದಿಕ್ಕು ತೋರಿಸಿದರು. ಪಕ್ಕದ ಮನೆಯ ಬೇವಿನ ಮರದ ಒಂದು ದಪ್ಪ ಕೊಂಬೆ ಆಕಾಶಕ್ಕೆ ಅಡ್ಡ ಚಾಚಿತ್ತು. ಕಲ್ಲು ಮೇಲೇರುತ್ತ ದಿನಾ ಹೆಚ್ಚೂಕಮ್ಮಿ ಅದೇ ಹೊತ್ತಿಗೆ ಅದರ ಹಿಂದೆ ಮರೆಯಾಗುತ್ತಿತ್ತು. ಕೊಂಬೆ ಕಡಿಸಲು ಮಾಸ್ತರರಿಗೆ ಮನಸ್ಸಿರಲಿಲ್ಲ.

*

ಮರುದಿನ ಸಿರಾಜುದ್ದೀನ್ ಇಬ್ಬರು ಪೇದೆಗಳೊಂದಿಗೆ ಹುಮನಾಬಾದಿಗೆ ಹೋದ. ನೇರವಾಗಿ ಬಕ್ಕಪ್ಪನ ಮಾಳಿಗೆ ಹತ್ತಿದ. ಮೂಡಣಕ್ಕೆ ಬರೀ ತೊಗರಿ ಹೊಲ. ಕಣ್ಣು ಹಾಯುವವರೆಗೆ ಒಂದು ಮರವಿಲ್ಲ.

"ಮಾಸ್ತರ ಮಾಳಿಗೆ ಮ್ಯಾಲೆ ದಿನಾ ಎಂಟು ಇಪ್ಪತ್ತಕ್ಕ ಬೇವಿನ ಮರ ಅಡ್ಡ ಬರ್ತದ," ಎಂದ. "ನಿಮ್ಮ ಹಾಳಿಯೊಳಗೂ ಅದೇ ಹೊತ್ತಿಗಿ ಅಡ್ಡ ಬಂದದ. ಮರ ಎಲ್ಯದ ತೋರಸ್ರಿ."

ಬಕ್ಕಪ್ಪ ಮೋಡವೆಂದ. ಹತ್ತೊಂಬತ್ತರ ರಾತ್ರಿ ಹುಮನಾಬಾದ್ ಠಾಣೆಯವರು ಎಂಟರಿಂದ ಹತ್ತರವರೆಗೆ ಬಯಲಲ್ಲೇ ಬಂದೋಬಸ್ತಿನಲ್ಲಿದ್ದರು, ಮೋಡದ ಚೂರೂ ಇರಲಿಲ್ಲವೆಂದು ಬರೆದುಕೊಟ್ಟಿದ್ದಾರೆ ಎಂದ ಸಿರಾಜುದ್ದೀನ್. ಅಂಕಿಗಳು ಖರೆಯವೇ. ಆದರೆ ಅವನ್ನು ನೋಡಿದ ಕಣ್ಣು ಬಸವಕಲ್ಯಾಣದಲ್ಲಿತ್ತು. ಒಂಬತ್ತೂವರೆಯ ಅಂಕಿ ಬರೆಯುವವರೆಗೆ ಮಾಸ್ತರರು ಬದುಕಿದ್ದರು. ಆ ಪುಟ ನಿಮ್ಮ ಕೈಗೆ ಬಂದದ್ದು ಆಮೇಲೆಯೇ ಎಂದ.

ಜೋಳದ ಚೀಲದೊಳಗೆ ನೋಟ್‌ಬುಕ್ಕು ಸಿಕ್ಕಿತು. ಬಕ್ಕಪ್ಪ ಅಲ್ಲೇ ಎಲ್ಲ ಹೇಳಿದ. ನಾಲ್ಕು ವರ್ಷದಿಂದ ಮಾಸ್ತರರ ಅಂಕಿಗಳನ್ನು ತನ್ನ ಹೆಸರಿನಲ್ಲಿ ಆ ಸಂಘಕ್ಕೆ ಕಳಿಸುತ್ತಿದ್ದ. ಪುಸ್ತಿಕೆ ನೋಡಿದ ಮಾಸ್ತರರು, ಸಂಘಕ್ಕೆ ಪತ್ರ ಬರೆಯುತ್ತೇನೆ, ಅದಕ್ಕೆ ಮೊದಲು ನೀನೇ ಒಪ್ಪಿಕೋ ಎಂದು ಹೇಳಿಕಳಿಸಿದ್ದರು. ಅಂದು ಬೇಡಿಕೊಳ್ಳಲೆಂದೇ ಹೋಗಿದ್ದ. ಮಾಸ್ತರರು ಒಪ್ಪಲಿಲ್ಲ. ಇವನು ನೋಟ್‌ಬುಕ್ಕಿಗೆ ಕೈ ಹಾಕಿದ. ಅವರು ಬಿಡಲಿಲ್ಲ. ಇವನು ನೂಕಿದ.

ಸಂಜೆ ಪಂಡರಿಯನ್ನು ಬಿಟ್ಟು ಕಳಿಸಿದರು. ಬಕ್ಕಪ್ಪನ ಹೇಳಿಕೆ ಬರೆಸುವುದು ಮುಗಿದ ಮೇಲೆ ಸಿರಾಜುದ್ದೀನ್‌ಗೆ ಒಂದು ಮಾತು ಉಳಿದಿತ್ತು.

"ಅಲ್ರಿ, ಆ ಮೂರು ಜಾಗಕ್ಕ ಮೂರು ಅಂಕಿ ಅಂದಾಜಿಗಿ ಬರ್ದಿದ್ರ ನಾ ನಿಮ್ಮನ್ನ ಹಿಡೀತಿದ್ದಿಲ್ಲ. ಯಾಕ ಖಾಲಿ ಬಿಟ್ರಿ?"

ಬಕ್ಕಪ್ಪ ತಲೆಯೆತ್ತಿದ. ಇಂಥ ಪ್ರಶ್ನೆಯೂ ಉಂಟೇ ಎಂಬಂತೆ ನೋಡಿದ.

"ಯಾರೂ ನೋಡಲಾರದ್ದು ಹ್ಯಾಂಗ ಬರೀಲ್ರಿ ಸಾಹೇಬ್ರ? ಅದು ಸುಳ್ಳಾಗ್ತದ."

ಸಿರಾಜುದ್ದೀನ್ ಆ ಮಾತನ್ನೂ ಹೇಳಿಕೆಗೆ ಸೇರಿಸಿ, ಕೆಳಗೆ ಸಹಿ ಹಾಕಿಸಿಕೊಂಡ.