ತಂಗಿ ಕಟ್ಟಿದ ಊರು

"ಹೊಸದು ತಗೊಂಡ್ಬಿಡಿ ಮೇಡಂ. ಇದಕ್ಕೆ ಮುಪ್ಪು ಬಂದಿದೆ," ಎಂದು ನಕ್ಕ ರಿಪೇರಿಯವನು.

ಅವಳು ನಗಲಿಲ್ಲ. ಕಂಪ್ಯೂಟರ್ ಎತ್ತಿಕೊಂಡು ಹೊರಟೇಬಿಟ್ಟಳು.

ಅವನು ಬಾಗಿಲವರೆಗೂ ಓಡಿಬಂದ. "ತಮಾಷೆಗೆ ಅಂದೆ ಕಣ್ರೀ! ಏನಾಗಿದೆ ಹೇಳಿ."

"ಒಂದು ಗೇಮ್. ನನ್ನ ತಂಗೀದು. ಓಪನ್ ಆಗ್ತಿಲ್ಲ."

"ಅವರನ್ನೇ ಕರ್ಕೊಂಡು ಬನ್ನಿ ಮತ್ತೆ."

"ಅವಳು ತೀರಿಕೊಂಡಳು."

ಪಕ್ಕದ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ಅವನ ಮುಖದ ಬಣ್ಣ ಇಳಿಯಿತು.

ಅವಳದು ಟೈಲರಿಂಗ್ ಕೆಲಸ. ತಂಗಿ ಹೋದ ಮೇಲೂ ಒಂದು ದಿನವೂ ಮೆಷಿನ್ ನಿಲ್ಲಿಸಿರಲಿಲ್ಲ. ಗಟ್ಟಿ ಜೀವ ಎಂದು ಎಲ್ಲರೂ ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆಲ್ಲ ಜೋಮು ಹಿಡಿದಿತ್ತು. ಸೂಜಿ ಚುಚ್ಚಿದರೆ ರಕ್ತ ಕಂಡ ಮೇಲೇ ಗೊತ್ತಾಗುತ್ತಿತ್ತು.

ಕಂಪ್ಯೂಟರನ್ನು ಬಿಟ್ಟುಹೋಗಲು ಅವಳು ಒಪ್ಪಲಿಲ್ಲ. ದಿನಾ ಮಧ್ಯಾಹ್ನ ತಂದು, ಹೊಲಿಗೆ ಬಿಚ್ಚುತ್ತಾ ಅಂಗಡಿಯಲ್ಲೇ ಕೂತಳು. ಗೇಮ್ ತಾನಾಗೇ ಅಪ್‌ಡೇಟ್ ಆಗಿಬಿಟ್ಟಿತ್ತು. ಅವನು ಸೆಟ್ಟಿಂಗ್ಸ್ ಬದಲಿಸಿದ, ಹಳೇ ವರ್ಷನ್ ಹುಡುಕಿ ಸೋತ. ಈ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಡೆಯುವುದಿಲ್ಲ ಎಂದು ಪರದೆ ಒಂದೇ ರಾಗ ಹಾಡಿತು. ಹೊಸ ಸಿಸ್ಟಮ್ ಹಾಕೋಣವೆಂದರೆ ಆ ಹಳೇ ಮೆಷಿನ್ ತಡೆಯುವಂತಿರಲಿಲ್ಲ.

ನಡುನಡುವೆ ಅವಳತ್ತ ಕದ್ದು ನೋಡುತ್ತಿದ್ದ. ಒಮ್ಮೆ ಸಿಕ್ಕಿಬಿದ್ದ.

"ಪರದೆ ಆ ಕಡೆ ಇದೆ," ಎಂದಳು.

"ಆ ಕಡೆ ಬರೀ ಎರರ್ ಕಾಣ್ತಿದೆ."

ಮುಂಚಿನವಳಾಗಿದ್ದರೆ ಇಷ್ಟಕ್ಕೇ ಕೆಂಪಾಗುತ್ತಿದ್ದಳು. ಈಗ ಕತ್ತರಿ ಕೈಗೆತ್ತಿಕೊಂಡಳು.

ಕೊನೆಗೆ ಅವನೆಂದ, "ಗೇಮ್ ಇಲ್ಲಿ ನಡೆಯಲ್ಲ. ಆದರೆ ಅವರು ಆಡಿದ್ದೆಲ್ಲ ಸೇವ್ ಆಗಿರೋ ಫೈಲ್ ಸಿಕ್ಕಿದೆ. ಕಾಪಿ ಮಾಡಿ ನನ್ನ ಕಂಪ್ಯೂಟರಿಗೆ ಹಾಕ್ಲಾ? ನಿಮ್ಮದರಲ್ಲಿ ಇರೋದು ಇದ್ದ ಹಾಗೇ ಇರುತ್ತೆ."

ಅವಳು ಕತ್ತರಿ ಕೆಳಗಿಟ್ಟು, ಆಗಲಿ ಎಂದು ತಲೆಯಾಡಿಸಿದಳು.

ಗೇಮ್ ತೆರೆದುಕೊಂಡಿತು. ಕೆರೆ, ಸೇತುವೆ, ನೀಲಿ ಮನೆಗಳು: ತಂಗಿ ಕಟ್ಟಿದ ಊರು. ಬೇಲಿಯೊಳಗೊಂದು ಮೇಕೆ ಎದುರಿಗೆ ಬಂದವರಿಗೆಲ್ಲ ಗುದ್ದುತ್ತಿತ್ತು. ಅದರ ತಲೆಯ ಮೇಲೆ ಹೆಸರಿತ್ತು: ಅಕ್ಕ.

ಅವನು ನಗು ತಡೆಯಲು ಹೋಗಿ ಕೆಮ್ಮಿದ.

"ನಗಿ, ಪರವಾಗಿಲ್ಲ," ಎಂದಳು. ಅವಳ ತುಟಿಯಂಚೂ ಅಲುಗಿತು, ಅಷ್ಟೇ. "ಇದನ್ನ ನೋಡಿದ್ರೆ ಅಳು ಬರುತ್ತೆ ಅಂದ್ಕೊಂಡಿದ್ದೆ. ಬರ್ತಿಲ್ಲ."

"ಬರದಿದ್ರೆ ಬಿಡಿ. ಬಾ ಅಂದ್ರೆ ಬರೋಕೆ ಅದೇನು ಸಾಕಿದ ನಾಯೀನಾ?"

ಅವನು ಹೇಳಿಕೊಟ್ಟಂತೆ ಕೀ ಒತ್ತಿದಳು. ಎರಡು ಸಲ ಕೆರೆಗೆ ಬಿದ್ದಳು. ಮೂರನೇ ಸಲ ಸೇತುವೆ ದಾಟಿ, ಮೇಕೆಗೆ ಹುಲ್ಲು ಹಾಕಿದಳು.

"ಕೆಲಸ ಮುಗೀತು," ಎಂದ ಅವನು, ದನಿ ತಗ್ಗಿಸಿ. "ಆದ್ರೆ ಮಧ್ಯಾಹ್ನ ಆದ್ರೆ ಸಾಕು, ಬಾಗಿಲು ನೋಡೋ ಚಟ ಹತ್ತಿಬಿಟ್ಟಿದೆ ನನಗೆ. ನೀವು ಅಂದ್ರೆ ನನಗಿಷ್ಟ."

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ನನಗೆ ಈಗ ಏನೂ ಅನ್ನಿಸಲ್ಲ ಕಣ್ರೀ. ನಿಮ್ಮ ಮೇಲೂ ಅಷ್ಟೇ. ಸುಳ್ಳು ಯಾಕೆ ಹೇಳ್ಲಿ?"

"ಉತ್ತರ ಬೇಕು ಅಂತ ಹೇಳಿದ್ದಲ್ಲ. ಮನಸ್ಸಲ್ಲೇ ಇಟ್ಕೊಳ್ಳೋಕೆ ಆಗ್ಲಿಲ್ಲ."

ಪರದೆಯ ಮೇಲೆ ಮೇಕೆ ಮೇಯುತ್ತಿತ್ತು.

ಆಗ ಅವಳ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ಏನೆಂದು ಅವಳಿಗೇ ತಕ್ಷಣ ತಿಳಿಯಲಿಲ್ಲ. ಇಷ್ಟು ದಿನ ಗಡಿಯಾರ ನೋಡಿ ತಿಂದವಳು ಅವಳು.

"ಹಸಿವಾಗ್ತಿದೆ," ಎಂದಳು, ತನ್ನ ಮಾತಿಗೆ ತಾನೇ ಬೆರಗಾಗಿ.

ಅವನು ಗಡಿಬಿಡಿಯಲ್ಲಿ ಎದ್ದು ಕುರ್ಚಿ ಬೀಳಿಸಿದ. "ಎದುರಿಗೇ ಹೋಟೆಲ್ ಇದೆ. ತರ್ಲಾ?"

"ಬೇಡ," ಎಂದು ಅವಳು ಎದ್ದಳು. "ಇಬ್ಬರೂ ಹೋಗೋಣ."