ತಾತನ ಉಳಿಗಳಿಗೊಂದು ಬೀರು

“ನಿಲ್ಸು, ನಿಲ್ಸು! ಗೆರೆ ಬಿಟ್ಟು ಹೋಗ್ತಾ ಐತೆ ಗರಗಸ!”

ತಾತ ಕೂಗಿದ ರಭಸಕ್ಕೆ ಸಿರಿಯ ಕೈ ಇನ್ನಷ್ಟು ಅಲುಗಿತು. ಗರಗಸದ ಹಲ್ಲು ಪೆನ್ಸಿಲ್ ಗೆರೆಯನ್ನು ದಾಟಿ ಆಚೆ ಕಚ್ಚಿತು.

“ಸ್ವಲ್ಪಾನೇ ತಾತ. ಗೊತ್ತೇ ಆಗಲ್ಲ.”

“ಸ್ವಲ್ಪ ಸೊಟ್ಟ ಆದ್ರೂ ಬೀರು ಬಾಗಿಲು ಮುಚ್ಚಾಕಿಲ್ಲ. ಇರೋದೇ ಇದೊಂದು ಹಲಗೆ. ಹೇಳಿದ್ ಕೇಳಕ್ಕೆ ನಿಂಗೇನ್ ಬಂದೈತೆ?”

ಸಿರಿಯ ತಾತ ಮರುಳಪ್ಪ ಬಡಗಿ. ಬಸ್ತಿಹಳ್ಳಿಯ ಎಷ್ಟೋ ಮನೆಗಳ ಬಾಗಿಲು, ಕಿಟಕಿ, ಮಂಚ ಅವರು ಮಾಡಿದ್ದೇ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಸರಿಹೋಯಿತು, ನಡಿಗೆಯೂ ಸರಿಹೋಯಿತು. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅವರ ಉಳಿ, ಗರಗಸ, ಸುತ್ತಿಗೆ ಎಲ್ಲ ಗೋಣಿಚೀಲ ಸೇರಿ ಮಂಚದ ಕೆಳಗೆ ಹೋದವು.

ದಸರಾ ರಜೆ ಶುರುವಾದ ದಿನ ಸಿರಿ ಆ ಚೀಲ ಬಿಚ್ಚಿದ್ದಳು. ಉಳಿಗಳ ಮೇಲೆಲ್ಲ ತುಕ್ಕು ಹಿಡಿದಿತ್ತು.

“ತಾತ, ಇವಕ್ಕೆ ಒಂದು ಚಿಕ್ಕ ಬೀರು ಮಾಡೋಣ. ನೀನು ಹೇಳ್ಕೊಡು, ನಾನು ಮಾಡ್ತೀನಿ” ಅಂದಿದ್ದಳು. ತಾತ ಎಷ್ಟೋ ತಿಂಗಳ ಮೇಲೆ ನಕ್ಕಿದ್ದರು.

ಎರಡು ದಿನ ಚೆನ್ನಾಗಿತ್ತು. ಇಬ್ಬರೂ ಕೂತು ಮರಳುಕಾಗದದಲ್ಲಿ ತುಕ್ಕು ಉಜ್ಜಿದರು. ಕೊಬ್ಬರಿ ಎಣ್ಣೆ ಸವರಿದರು. ಆದರೆ ಹಲಗೆ ಕೊಯ್ಯಲು ಶುರು ಮಾಡಿದ್ದೇ ತಡ, ತಾತ ಮಾತುಮಾತಿಗೂ ರೇಗತೊಡಗಿದರು. ಮೊಳೆ ಹಿಡಿದದ್ದು ತಪ್ಪು, ನಿಂತದ್ದು ತಪ್ಪು, ಈಗ ಗರಗಸ ಎಳೆದದ್ದೂ ತಪ್ಪು.

ಸಿರಿ ಗರಗಸವನ್ನು ಕೆಳಗಿಟ್ಟಳು. “ನಂಗೆ ಬರಲ್ಲ ಹೋಗು. ನೀನೇ ಮಾಡ್ಕೋ!”

ಅಂದ ಮೇಲೆ ಅವಳಿಗೇ ಒಂಥರಾ ಆಯಿತು. ಸಿರಿ ಚಪ್ಪಲಿ ಮೆಟ್ಟಿ ಓಡಿಬಿಟ್ಟಳು.

ಬಸದಿಯ ಕಾಂಪೌಂಡ್ ಪಕ್ಕದ ಕಟ್ಟೆ ಮೇಲೆ ಕೂತಳು. ವ್ಯಾನಿನಲ್ಲಿ ಬಂದವರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಾರೋ “ಪಾಪು, ಸ್ವಲ್ಪ ಸೈಡಿಗೆ ಬಾ” ಅಂದರು. ಅಲ್ಲೂ ಸಮಾಧಾನ ಇಲ್ಲ. ಹೊಟ್ಟೆ ಬೇರೆ ಹಸಿಯುತ್ತಿತ್ತು. ಮನೆ ಕಡೆ ಹೊರಟಳು.

ಹಿತ್ತಿಲ ಬೇಲಿಯ ಹತ್ತಿರ ಬಂದಾಗ ಗರಗಸದ ಸದ್ದು ಕೇಳಿಸಿತು. ಕರ್ರ್... ನಿಂತಿತು. ಮತ್ತೆ ಕರ್ರ್...

ಸಿರಿ ತೆಂಗಿನ ಸಿಪ್ಪೆ ರಾಶಿಯ ಹಿಂದೆ ನಿಂತು ಇಣುಕಿದಳು.

ತಾತ ಎಡಗೈಯಲ್ಲಿ ಗರಗಸ ಹಿಡಿದಿದ್ದರು. ಹಲಗೆ ಕುಣಿಯುತ್ತಿತ್ತು. ತಾತ ಗರಗಸ ಬಿಟ್ಟರು. ಎಡಗೈಯಿಂದ ಬಲಗೈಯನ್ನು ಎತ್ತಿ, ಮಲಗಿದ ಮಗುವನ್ನು ಇಳಿಸುವ ಹಾಗೆ ಹಲಗೆಯ ಮೇಲೆ ಇಟ್ಟರು. ಗರಗಸ ಎಳೆದ ತಕ್ಷಣ ಅದು ಜಾರಿ ಬಿತ್ತು. ಮತ್ತೆ ಇಟ್ಟರು. ಮತ್ತೆ ಜಾರಿತು.

“ಹೇಳಿದ್ ಕೇಳಕ್ಕೆ ನಿಂಗೇನ್ ಬಂದೈತೆ?” ತಾತ ತಮ್ಮ ಕೈಯನ್ನೇ ಗದರಿದರು.

ಅದೇ ಮಾತು. ಅದೇ ದನಿ.

ಸಿರಿ ಸದ್ದಾಗದಂತೆ ರಸ್ತೆಯವರೆಗೆ ಹಿಂದಕ್ಕೆ ಹೋದಳು. ಅಲ್ಲಿಂದ ಚಪ್ಪಲಿ ಪಟಪಟ ಬಡಿಯುತ್ತಾ, “ಅಜ್ಜೀ, ಹೊಟ್ಟೆ ಹಸೀತಿದೆ!” ಎಂದು ಜೋರಾಗಿ ಕೂಗುತ್ತಾ ಬಂದಳು.

ಅವಳು ಹಿತ್ತಿಲಿಗೆ ಬರುವಷ್ಟರಲ್ಲಿ ಗರಗಸ ಕೆಳಗಿತ್ತು. ಹಲಗೆಯ ತುದಿಯ ಮೇಲೆ ತಾತನ ಟವೆಲ್ ಬಿದ್ದಿತ್ತು.

“ತಾತ, ಹಲಗೆ ಅಲ್ಲಾಡುತ್ತೆ. ಅದಕ್ಕೇ ನಂಗೆ ಗೆರೆ ತಪ್ಪಿದ್ದು. ನೀನು ಎಡಗೈಲಿ ಅದುಮಿ ಹಿಡ್ಕೋತೀಯಾ?”

ತಾತ ಅವಳ ಮುಖ ನೋಡಿದರು. ನಿಧಾನವಾಗಿ ಟವೆಲ್ ತೆಗೆದರು. ಸಿರಿ ಕೊಯ್ದದ್ದು ಸ್ವಲ್ಪ ಸೊಟ್ಟ, ತಾತ ಕೊಯ್ದದ್ದು ಇನ್ನೂ ಸೊಟ್ಟ.

“ಬೀರು ಎರಡು ಬೆರಳು ಗಿಡ್ಡ ಆಯ್ತದೆ, ಅಷ್ಟೇ” ಅಂದರು. “ಇಲ್ಲಿ ಹೊಸ ಗೆರೆ ಹಾಕವ್ವ.”

ತಾತ ಅದುಮಿ ಹಿಡಿದರು, ಸಿರಿ ಎಳೆದಳು. ಈ ಸಲ ಗರಗಸ ಗೆರೆಯ ಮೇಲೇ ಹೋಯಿತು. ತಾತ ಆಮೇಲೂ ಗದರಿದರು. ಸಿರಿ “ಹ್ಞೂಂ ಹ್ಞೂಂ” ಅನ್ನುತ್ತಾ ಕೆಲಸ ಮಾಡಿದಳು.

ನಾಲ್ಕು ದಿನಕ್ಕೆ ಬೀರು ನಿಂತಿತು. ಒಳಗೆ ಗೂಟಗಳನ್ನು ಸಿರಿಯೇ ಹೊಡೆದಳು. ತಾತ ಮೊದಲಿನ ಅಭ್ಯಾಸದಂತೆ ಬಲಗಡೆ ಗುರುತು ಹಾಕಿದ್ದರು. ಸಿರಿ ಉಳಿಗಳ ಗೂಟಗಳನ್ನೆಲ್ಲ ಎಡಗಡೆ ಹೊಡೆದಳು.

“ಯಾಕವ್ವ ಈ ಕಡೆ?”

“ಹಿಂಗೇ ಸಲೀಸು ಅನ್ನಿಸ್ತು.”

ತಾತ ಎಡಗೈ ಚಾಚಿದರು. ಒಂದು ಉಳಿ ತೆಗೆದರು, ಇಟ್ಟರು. ಮತ್ತೆ ತೆಗೆದರು. “ಗೋಡೆಗೆ ಹಾಕಾನ ಬಾ” ಅಂದರು.

ಅಜ್ಜಿ ಬೀರು ಹಿಡಿಯಲು ಬಂದರು. ತಾತ ಪೆನ್ಸಿಲಿನಿಂದ ಗೋಡೆಯ ಮೇಲೆ ಎರಡು ಗುರುತು ಹಾಕಿದರು.

“ಇಷ್ಟು ಕೆಳಗಾ ತಾತ? ದಿನಾ ನೀನು ಬಗ್ಗಬೇಕಾಗುತ್ತೆ.”

“ಬಗ್ತೀನಿ ಬಿಡು.”

ಸಿರಿ ಗುರುತುಗಳ ಹತ್ತಿರ ಹೋಗಿ ನಿಂತಳು. ಅವು ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕಿದ್ದವು.

ಅವಳು ಮೊಳೆಯನ್ನು ಗುರುತಿನ ಮೇಲೆ ನೆಟ್ಟಗೆ ಹಿಡಿದು ಸುತ್ತಿಗೆ ಎತ್ತಿದಳು.