ಎಲಿಹಿಯೊನ ಎಂಟರ್ ಕೀ

ನಗುವವರು ನಗಲಿ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ವಿಂಡೋಸ್‌ನಲ್ಲಿ ಬರೆದರೆ, ಎಂಟರ್ ಒತ್ತಿದಾಗಲೆಲ್ಲ ಕೋಡಿನ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಗುರುತು ಸೇರಿಕೊಳ್ಳುತ್ತದೆ. ಅದರಿಂದಲೇ ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕೋಡ್ ಕಂಪೈಲ್ ಆಗುತ್ತಿರಲಿಲ್ಲ. ಬೆಳಿಗ್ಗೆ ಎಲ್ಲವನ್ನೂ ತೆಗೆದುಹಾಕಿದರೆ, ಮಧ್ಯಾಹ್ನದ ನಿದ್ದೆ ಮುಗಿಸಿ ಆಫೀಸಿಗೆ ಬರುವಷ್ಟರಲ್ಲಿ ಮತ್ತೆ ಹಾಜರು.

"ನಿನ್ನ ವಿಂಡೋಸಿಗಿಷ್ಟು ಬೆಂಕಿ ಹಾಕ!" ಎಂದು ಪಕ್ಕದ ಮೇಜಿನ ನಿಮಿಯಾಳ ಮೇಲೆ ಹರಿಹಾಯ್ದೆ.

"ನನ್ನ ಕಂಪ್ಯೂಟರ್ ರಿಪೇರಿಗೆ ಹೋಗಿ ವಾರ ಆಯ್ತು. ಅದು ಬಿಟ್ರೆ ವಿಂಡೋಸ್ ಇದ್ದಿದ್ದು ಎಲಿಹಿಯೊ ಹತ್ರ ಮಾತ್ರ. ಹೋಗಿ ಅವನನ್ನೇ ಕೇಳು!"

ಎಲಿಹಿಯೊನನ್ನು ಮಾರ್ಚ್‌ನಲ್ಲೇ ಮಣ್ಣು ಮಾಡಿದ್ದೆವು. ಎಲ್ಲರ ತೆರೆರೆಗೂ, ಅಂದರೆ ನಮ್ಮೂರಿನ ತಣ್ಣನೆಯ ಎಲೆ ಚಹಾಕ್ಕೂ, ಐಸ್ ನೀರು ಹೊಯ್ದು, ಅದೇ ಒದ್ದೆ ಕೈಯಲ್ಲಿ ಎಂಟರ್ ಕೀ ಗುದ್ದುತ್ತಿದ್ದ ಪುಣ್ಯಾತ್ಮ.

ಮರುದಿನ ಹೊರಗಿನಿಂದ ಯಾರೂ ಕೋಡಿಗೆ ಕೈಹಾಕದಂತೆ ಇಂಟರ್ನೆಟ್ ತಂತಿ ಕಿತ್ತುಹಾಕಿ, ಮಧ್ಯಾಹ್ನ ಎಲ್ಲರೂ ಮಲಗಲು ಮನೆಗೆ ಹೋದರೂ ಆಫೀಸಿನಲ್ಲೇ ಕಾದು ಕುಳಿತೆ. ಕರೆಂಟ್ ಹೋಗಿ ಫ್ಯಾನ್ ನಿಂತಿತು. ಅಸುನ್ಸಿಯೋನ್ ನಗರದ ಆ ಸೆಕೆಯಲ್ಲೂ ನನ್ನ ಪಾದಗಳು ತಣ್ಣಗಾದವು. ಮೂಲೆಯ ಬೀರುವಿನೊಳಗಿಂದ ಟಪ್. ತುಸು ಬಿಡುವು ಕೊಟ್ಟು ಮತ್ತೆ ಟಪ್, ಮತ್ತೆ ಟಪ್, ನಿಲ್ಲುವ ಲಕ್ಷಣವೇ ಇಲ್ಲ.

"ಸತ್ತ ಮೇಲಾದ್ರೂ ಸುಮ್ನಿರೋ ಮಾರಾಯ!" ಎಂದು ಕಿರುಚಿದೆ. ಸದ್ದು ನಿಂತಿತು.

ಬೀರು ತೆಗೆದೆ. ಎಲಿಹಿಯೊನ ಹಳೆಯ ಕೀಬೋರ್ಡ್ ತನ್ನದೇ ತಂತಿ ಸುತ್ತಿಕೊಂಡು ಧೂಳು ಹಿಡಿದು ಬಿದ್ದಿತ್ತು. ಎಂಟರ್ ಕೀ ಮಾತ್ರ ಒದ್ದೆಯಾಗಿ, ಐಸಿನಂತೆ ಕೊರೆಯುತ್ತಿತ್ತು.

ಲ್ಯಾಪ್‌ಟಾಪಿನಲ್ಲಿ ಕೋಡ್ ತೆರೆದು ನೋಡಿದೆ. ಬೆಳಿಗ್ಗೆ ತೆಗೆದಿದ್ದ ಗುರುತುಗಳು ಅರ್ಧದವರೆಗೆ ಮಾತ್ರ ಮರಳಿ ಬಂದಿದ್ದವು.